ಮಾದಿಯ ಕೊರಳಿನ ದಾರ

ಸಾವಿರದ ಒಂಬೈನೂರ ಹತ್ತೊಂಬತ್ತನೇ ಇಸವಿ, ದೊಡ್ಡ ಯುದ್ಧ ಮುಗಿದ ಮರುವರ್ಷ. ಆಗ ನಾನು ಊಟಿಯ ಒಂದು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಆಯಾ. ಊರು ಗುಂಡ್ಲುಪೇಟೆ ಕಡೆ. ಗಾಡಿ ಹೊಡೆಯುತ್ತಿದ್ದ ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಮಗಳನ್ನು ಸೊಂಟಕ್ಕೇರಿಸಿಕೊಂಡು ಘಾಟಿ ಹತ್ತಿ ಬಂದವಳು. ಓದು ಎರಡನೇ ಕ್ಲಾಸಿಗೆ ನಿಂತಿತ್ತು. ಉಳಿದ ಅಕ್ಷರವನ್ನು ಔಷಧಿ ಸೀಸೆಗಳ ಮೇಲಿನ ಚೀಟಿ ನೋಡಿ ನೋಡಿ ಕಲಿತೆ.

ಇದನ್ನು ಬರೆಯುವಾಗ ಮಡಿಲಲ್ಲಿ ಮಗಳ ಮಗಳು ಮಲಗಿದ್ದಾಳೆ. ಹುಟ್ಟಿ ಇಪ್ಪತ್ತೊಂದು ದಿನ. ಎಷ್ಟೋ ಮನೆಯ ಕೂಸುಗಳನ್ನು ಮೊದಲು ಎತ್ತಿದ ಕೈ ಇದು, ಈ ಒಂದನ್ನು ಮಾತ್ರ ಕೆಳಗಿಡಲು ಒಪ್ಪುವುದಿಲ್ಲ. ಎಡಗೈಯಲ್ಲಿ ಕೂಸು, ಬಲಗೈಯಲ್ಲಿ ಸೀಸದ ಕಡ್ಡಿ. ಸಾಲು ಓರೆಯಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಇಷ್ಟು ಸಂತೋಷದ ಹೊತ್ತಿನಲ್ಲಿ ಆ ಅನುಮಾನದ ಕೇಸು ಯಾಕೆ ನೆನಪಾಯಿತೋ! ಅದರಲ್ಲೂ ಒಂದು ಕೂಸು ಇತ್ತಲ್ಲ, ಅದಕ್ಕೇ ಇರಬೇಕು.

ಮೊದಲು ಕಾನೂನು ಹೇಳುತ್ತೇನೆ, ನನಗೆ ತಿಳಿದಷ್ಟು. ಯುದ್ಧಕ್ಕೆ ಹೋಗಿ ಸತ್ತವನ ಹೆಂಡತಿಗೆ ಸರ್ಕಾರ ಫ್ಯಾಮಿಲಿ ಪೆನ್ಷನ್ ಕೊಡುತ್ತಿತ್ತು, ಅವನ ಮಕ್ಕಳಿಗೂ ಬೇರೆ ಒಂದು ಪಾಲು. ಬಂದೂಕು ಹಿಡಿದವನೇ ಆಗಬೇಕಿರಲಿಲ್ಲ, ದಂಡಿನ ಹಿಂದೆ ಹೇಸರಗತ್ತೆ ನಡೆಸಿದವನಾದರೂ ಸರಿ. ಒಂದೇ ಷರತ್ತು. ವಿಧವೆ ಮರುಮದುವೆಯಾದರೆ ಅವಳ ಪೆನ್ಷನ್ ನಿಲ್ಲುತ್ತಿತ್ತು. ಆಕೆ ಬದುಕಿದ್ದಾಳೆ, ಇನ್ನೊಬ್ಬನ ಮನೆ ಸೇರಿಲ್ಲ ಎಂದು ಹಳ್ಳಿಯ ಅಧಿಕಾರಿ ವರ್ಷ ವರ್ಷ ಬರೆದುಕೊಡಬೇಕು.

ಊಟಿಯ ಹತ್ತಿರದ ಕೆತ್ತಿ ಕಣಿವೆಯಲ್ಲಿ, ಬೆಟ್ಟದ ಒಕ್ಕಲು ಜನರಾದ ಬಡಗರ ಒಂದು ಹಟ್ಟಿಯ ಬೆಳ್ಳ ಎಂಬವನು ಹಾಗೆ ಹೇಸರಗತ್ತೆಯ ದಳಕ್ಕೆ ಸೇರಿ, ಹಡಗು ಹತ್ತಿ, ಬಸ್ರಾದಲ್ಲಿ ಜ್ವರ ಬಂದು ಸತ್ತಿದ್ದ. ಹೆಂಡತಿ ಮಾದಿಯ ಅರ್ಜಿ ಮಂಜೂರಾಗುವ ಹಂತಕ್ಕೆ ಬಂದಾಗ ತಾಲ್ಲೂಕು ಕಚೇರಿಗೆ ಸಹಿ ಇಲ್ಲದ ಒಂದು ಮೂಗರ್ಜಿ ಬಂತು. ಬೆಳ್ಳ ಸತ್ತ ಮೇಲೆ ಅವನ ತಮ್ಮ ನಂಜ ಅವಳ ಕೊರಳಿಗೆ ದಾರ ಕಟ್ಟಿದ್ದಾನೆ, ಇಡೀ ಹಟ್ಟಿಯೇ ನೋಡಿದೆ, ಮಡಿಲಲ್ಲಿರುವ ಕೂಸೂ ನಂಜನದೇ ಎಂದು ಅದರಲ್ಲಿತ್ತು.

ವಿಚಾರಣೆ ರೆವಿನ್ಯೂ ಇನ್ಸ್‌ಪೆಕ್ಟರ ಪಾಲಿಗೆ ಬಂತು. ಬಯಲುಸೀಮೆಯ ತಮಿಳರು, ಒಳ್ಳೆಯ ಮನುಷ್ಯ, ಅವಸರದವರು. ಹೆಂಗಸರು ತಮ್ಮೊಂದಿಗೆ ಬಾಯಿ ಬಿಡುವುದಿಲ್ಲ, ಕೂಸಿನ ತಿಂಗಳ ಲೆಕ್ಕವನ್ನು ತಾವು ಕೇಳುವಂತಿಲ್ಲ ಎಂದು ನಮ್ಮ ಡಾಕ್ಟರಮ್ಮನಿಗೆ ಬರೆದರು. ಡಾಕ್ಟರಮ್ಮ ನನ್ನನ್ನು ಕರೆದು, "ಪುಟ್ಟಮ್ಮಾ, ನೀನು ಹೋಗಿ ನೋಡಿ ಬಾ. ನೋಡಿದ್ದನ್ನ ಮಾತ್ರ ಹೇಳು" ಎಂದರು.

ರೈಲಿನಲ್ಲಿ ಕೆತ್ತಿಗೆ ಹೋಗುವಾಗಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ ಎಂದು ಒಪ್ಪಿಕೊಳ್ಳಬೇಕು. ಹೆರಿಗೆ ವಾರ್ಡಿನಲ್ಲಿ ತಿಂಗಳು ಸುಳ್ಳು ಹೇಳುವವರನ್ನು ನೋಡಿ ನೋಡಿ ನನ್ನ ಕಣ್ಣು ಹಾಗಾಗಿತ್ತು. ಇನ್ನೊಂದೂ ಇತ್ತು. ನನ್ನ ಗಂಡನೂ ಜ್ವರದಲ್ಲೇ ಸತ್ತ. ನನಗೆ ಯಾವ ಸರ್ಕಾರ ಏನು ಕೊಟ್ಟಿತು? ಈ ಮಾದಿಗೇನು ಬಂತು ಭಾಗ್ಯ ಅನ್ನುವ ಉರಿ ಹೊಟ್ಟೆಯಲ್ಲಿತ್ತು.

ಹಟ್ಟಿಯೆಂದರೆ ಒಂದಕ್ಕೊಂದು ಅಂಟಿದ ಮನೆಗಳ ಸಾಲು, ಮುಂದೆ ಅಂಗಳ. ಅಂಗಳದಲ್ಲಿ ಬಿತ್ತನೆಯ ಆಲೂಗಡ್ಡೆ ಹರಡಿತ್ತು. ಇನ್ಸ್‌ಪೆಕ್ಟರು ಕಲ್ಲುಕಟ್ಟೆಯ ಮೇಲೆ ಕೂತು ಗಂಡಸರನ್ನು ಒಬ್ಬೊಬ್ಬರಾಗಿ ಕರೆದರು. ನಂಜ ದಾರ ಕಟ್ಟಿದ್ದು ನಿಜವೇ? ನಿಜ. ನೀನು ನೋಡಿದೆಯಾ? ನೋಡಿದೆ. ಒಬ್ಬನೂ ಅಲ್ಲಗಳೆಯಲಿಲ್ಲ, ಒಬ್ಬನೂ ತಲೆ ತಗ್ಗಿಸಲಿಲ್ಲ. ಅದರಿಂದಲೇ ನನ್ನ ಅನುಮಾನ ಇನ್ನೂ ಬಲಿಯಿತು. ಇಡೀ ಊರು ಒಂದೇ ಪಾಠ ಕಲಿತು ಕೂತಂತಿತ್ತು.

ಕೊನೆಗೆ ನಂಜ ಬಂದ. ಇಪ್ಪತ್ತು ದಾಟಿದ ಗಟ್ಟಿ ಆಳು, ಕೈತುಂಬ ಮಣ್ಣು.

"ಅತ್ತಿಗೆಗೆ ದಾರ ಕಟ್ಟಿದೆಯಾ?"

"ಕಟ್ಟಿದೆ ಸಾಮಿ."

"ನಿನ್ನ ಕೈಯಿಂದಲೇ?"

"ಮತ್ತೆ ಯಾರ ಕೈಯಿಂದ ಸಾಮಿ? ಎನ್ನ ಅಣ್ಣನ ಕೈ ಬಂದಿಲ್ಲೆಯಲ್ಲ."

"ಕೊಬ್ಬು ನೋಡಮ್ಮಾ ಇವನಿಗೆ" ಎಂದು ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. "ಯಾವತ್ತು ಕಟ್ಟಿದೆಯೋ?"

"ಅಣ್ಣನ ಸಾವು ಮಾಡಿದ ದಿನ ಸಾಮಿ."

ಇನ್ಸ್‌ಪೆಕ್ಟರು ಪೆನ್ಸಿಲು ಕೆಳಗಿಟ್ಟರು. "ಕೇಳಿದೆಯಾ ಆಯಾ? ಬೂದಿ ಆರೋಕ್ಕೆ ಮುಂಚೆ ದಾರ! ನಮ್ಮೂರಲ್ಲಿ ಹದಿನಾರನೇ ದಿನದ ತನಕವಾದರೂ ಕಾಯ್ತಾರೆ!"

ನಾನು ಒಳಗೆ ಹೋದೆ. ಮಾದಿ ಒಲೆಯ ಪಕ್ಕ ಕೂತು ಕೂಸಿಗೆ ಹಾಲು ಕೊಡುತ್ತಿದ್ದಳು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಅವಳ ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ನನ್ನ ಕಣ್ಣು ಸೀದಾ ಮಾದಿಯ ಕೊರಳಿಗೆ ಹೋಯಿತು. ಬರಿದಾಗಿತ್ತು.

"ದಾರ ಎಲ್ಲಿ?" ಎಂದೆ.

"ಬಿಚ್ಚಿದರು ಅಕ್ಕ."

"ನಾವು ಬರ್ತೀವಿ ಅಂತ ಬಿಚ್ಚಿಟ್ಟೆಯಾ?"

"ಇಲ್ಲೆ ಅಕ್ಕ. ಕಟ್ಟಿದ ದಿನವೇ ಬಿಚ್ಚಿದರು."

ಕಟ್ಟಿದ ದಿನವೇ ಬಿಚ್ಚುವ ಮದುವೆ ಯಾವುದು? ಪೆನ್ಷನ್ನಿಗಾಗಿ ಮುಚ್ಚಿಟ್ಟ ಕಳ್ಳ ಮದುವೆಯೇ ಇರಬೇಕು ಎಂದುಕೊಂಡೆ. ನಂಜ ತಂದಿಟ್ಟ ಸೌದೆಯ ಹೊರೆ ಮೂಲೆಯಲ್ಲಿತ್ತು. ಅವನ ಕಂಬಳಿ ಅದೇ ಮನೆಯ ಗೂಟದಲ್ಲಿ ನೇತಾಡುತ್ತಿತ್ತು. ಅದೂ ಸಾಕ್ಷಿಯಾಗಿಯೇ ಕಂಡಿತು.

ಆಮೇಲೆ ನನ್ನ ಕಸುಬಿನ ಲೆಕ್ಕಕ್ಕೆ ಬಂದೆ. ಕೂಸನ್ನು ಎತ್ತಿಕೊಂಡು ಬೆರಳಿಂದ ಒಸಡು ಸವರಿದೆ. ಕೆಳಗೆ ಎರಡು ಹಲ್ಲು, ಮೇಲೆ ಎರಡು ಮೊಳೆಯುತ್ತಿವೆ. ನನ್ನ ಸೆರಗು ಹಿಡಿದು ಎದ್ದು ನಿಂತಿತು. ಹತ್ತು ತಿಂಗಳ ಆಸುಪಾಸು. (ನನ್ನ ಮೊಮ್ಮಗಳ ಒಸಡನ್ನು ಈಗಲೇ ದಿನಕ್ಕೆರಡು ಸಲ ಸವರಿ ನೋಡುತ್ತೇನೆ. ಇಪ್ಪತ್ತೊಂದು ದಿನಕ್ಕೆ ಹಲ್ಲು ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಆದರೂ ಕೈ ಕೇಳುವುದಿಲ್ಲ.)

"ಬೆಳ್ಳ ಹಡಗಿಗೆ ಹೋಗುವಾಗ ನಿನಗೆ ಎಷ್ಟು ತಿಂಗಳು?"

"ಎರಡು."

"ದಾರ ಕಟ್ಟಿದ ದಿನ?"

"ಏಳು."

ಬೆಳ್ಳ ಹೊರಟ ತಾರೀಖು ದಂಡಿನ ಕಾಗದದಲ್ಲಿತ್ತು, ಇನ್ಸ್‌ಪೆಕ್ಟರು ದಾರಿಯಲ್ಲೇ ಓದಿ ಹೇಳಿದ್ದರು, ಅವತ್ತಿಗೆ ಹದಿನೇಳು ತಿಂಗಳಾಗಿತ್ತು. ಬೆರಳು ಮಡಚಿ ಎಣಿಸಿದೆ. ಮತ್ತೆ ಎಣಿಸಿದೆ. ಕೂಸು ಬೆಳ್ಳನದೇ. ಮೂಗರ್ಜಿಯ ಒಂದು ಕಾಲು ಅಲ್ಲಿಗೆ ಮುರಿಯಿತು. ಆದರೆ ಅನುಮಾನಕ್ಕೆ ಹೊಸ ಕಾಲು ಹುಟ್ಟಿತು. ಅಣ್ಣನ ಕೂಸನ್ನು ಏಳು ತಿಂಗಳು ಹೊತ್ತವಳಿಗೆ, ಅಣ್ಣನ ಸಾವಿನ ದಿನವೇ ತಮ್ಮ ದಾರ ಕಟ್ಟುವುದೆಂದರೇನು?

ಅದನ್ನೇ ಕೇಳಿದೆ. ಮಾದಿ ಕೂಸನ್ನು ನನ್ನಿಂದ ವಾಪಸು ತೆಗೆದುಕೊಂಡಳು. ಅತ್ತೆಗೆ ರೇಗಿತು.

"ನೀ ಎಂಥ ಸೂಲಗಿತ್ತಿಯವ್ವ! ಏಳನೇ ತಿಂಗಳು ಅಂದ ಮೇಲೂ ತಿಳಿಯಲಿಲ್ಲೆಯಾ? ಕಣ್ಣಿ ಕಟ್ಟುವ ತಿಂಗಳು ಅದು!"

ಆಗ ಆ ಮುದುಕಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅವರಲ್ಲಿ ಹುಡುಗಿ ಗಂಡನ ಮನೆಗೆ ಬಂದ ದಿನ ತಾಳಿ ಕಟ್ಟುವುದಿಲ್ಲ. ಬಂದು ಹಿರಿಯರಿಗೆ ಅಡ್ಡಬಿದ್ದು, ನೀರು ತಂದರೆ ಮನೆಯವಳಾದಳು. ಬಸುರಿಯಾಗಿ ಏಳನೇ ತಿಂಗಳು ತುಂಬುವಾಗ ಗಂಡ ನಾಲ್ಕು ಜನರ ಮುಂದೆ ಅವಳ ಕೊರಳಿಗೆ ದಾರ ಹಾಕುತ್ತಾನೆ. ಅದೇ ಕಣ್ಣಿ. ಮದುವೆ ಗಟ್ಟಿಯಾಗುವುದು, ಹುಟ್ಟುವ ಕೂಸು ಅಪ್ಪನ ಕುಲಕ್ಕೆ ಸೇರುವುದು ಆ ದಾರದಿಂದ. ಅದಕ್ಕೆ ಮುಂಚೆ ಗಂಡ ಸತ್ತರೆ ಹೆಣದ ಕೈಗೆ ದಾರ ಮುಟ್ಟಿಸಿ ಅವಳಿಗೆ ಕಟ್ಟುತ್ತಾರೆ. ಬೆಳ್ಳನ ಹೆಣವೂ ಇರಲಿಲ್ಲ. ಅವನ ಹಳೆಯ ಕೋಟನ್ನು ಚಟ್ಟದ ಮೇಲೆ ಮಲಗಿಸಿ, ಅದರ ತೋಳಿಗೆ ದಾರ ಮುಟ್ಟಿಸಿದರು. ತೋಳಿನಿಂದ ಕೊರಳಿಗೆ ದಾಟಿಸಿದ ಕೈ ನಂಜನದು.

"ಕಟ್ಟಿ, ಕೋಟು ಹೊರಡುವ ಮುಂಚೆ ಬಿಚ್ಚಿದರು" ಎಂದಳು ಮಾದಿ. ಆಗಲೇ ಮೊದಲ ಸಲ ನನ್ನ ಮುಖ ನೋಡಿದ್ದು. "ಒಂದೇ ಹಗಲಲ್ಲಿ ಹೆಂಡತಿಯೂ ಆದೆ, ಮುಂಡೆಯೂ ಆದೆ ಅಕ್ಕ."

ನನ್ನ ಎದೆ ಕರಗಿತು ಎಂದು ಬರೆದರೆ ಸುಳ್ಳಾದೀತು. ಎಷ್ಟು ಚೆನ್ನಾಗಿ ಹೊಂದಿಸಿದ್ದಾರೆ ಎಂದುಕೊಂಡೆ. ಹೊರಗೆ ಬಂದು ಇನ್ಸ್‌ಪೆಕ್ಟರಿಗೆ ಹೇಳಿದರೆ ಅವರೂ ಅದನ್ನೇ ಅಂದರು. "ಆ ಕೋಟು ಎಲ್ಲಿ?"

"ಸುಟ್ಟರಂತೆ ಸಾಮಿ."

"ಬೂದಿ ಬಂದು ಸಾಕ್ಷಿ ಹೇಳ್ತದಾ? ದಾರ ಕಟ್ಟಿದ್ದನ್ನ ಅವನೇ ಒಪ್ಪಿದ್ದಾನೆ. ನಾನು ಮರುಮದುವೆ ಅಂತಲೇ ಬರೀಬೇಕಾಗ್ತದೆ."

ಅವರು ಹಾಗೆ ಬರೆದರೆ ಮಾದಿಯ ಪೆನ್ಷನ್ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಕೂಸಿನ ಅಪ್ಪ ಬೆಳ್ಳ ಎಂದು ಹಟ್ಟಿಯೇ ಸೇರಿ ಕಟ್ಟಿದ ದಾರ, ಸರ್ಕಾರದ ಕಾಗದದಲ್ಲಿ ಬೆಳ್ಳನ ಹೆಸರನ್ನೇ ಅಳಿಸುತ್ತಿತ್ತು. ನನ್ನ ಅನುಮಾನ ಆಗ ಎರಡೂ ಕಡೆ ಕಚ್ಚತೊಡಗಿತು. ಇವರು ಸುಳ್ಳು ಹೇಳುತ್ತಿದ್ದರೆ? ಹೇಳದಿದ್ದರೆ?

"ಎಂಟು ದಿನ ಕೊಡಿ ಸಾಮಿ. ಆಮೇಲೆ ಬರೀರಿ" ಎಂದೆ. ಗೊಣಗಿದರು, ಆದರೆ ಕೊಟ್ಟರು.

ನಮ್ಮ ವಾರ್ಡಿಗೆ ಬೆಟ್ಟದ ಎಲ್ಲ ದಿಕ್ಕಿನಿಂದ ಬಡಗ ಹೆಂಗಸರು ಬರುತ್ತಿದ್ದರು. ಆ ವಾರ ಕೂಕಲ್ತೊರೈ ಕಡೆಯ ಒಬ್ಬಳು ಬಾಣಂತಿ ಇದ್ದಳು. ಅವಳಿಗೆ ಮಾದಿಯೂ ಗೊತ್ತಿಲ್ಲ, ಆ ಹಟ್ಟಿಯೂ ಗೊತ್ತಿಲ್ಲ. ಕಾಲು ಒತ್ತುತ್ತಾ, ಸುಮ್ಮನೆ ಹರಟೆಯೆಂಬಂತೆ ಕೇಳಿದೆ. "ಅಲ್ಲ ಕಣವ್ವ, ನಿಮ್ಮಲ್ಲಿ ಕಣ್ಣಿ ಕಟ್ಟೋಕೆ ಮುಂಚೆ ಗಂಡ ಸತ್ತೋದ್ರೆ ಏನು ಮಾಡ್ತೀರಿ?"

ಅವಳು ನಕ್ಕೇಬಿಟ್ಟಳು. "ಕಟ್ಟದೆ ಬಿಟ್ಟಾರಾ ಅಕ್ಕ? ಹೆಣದ ಕೈಗೆ ಮುಟ್ಟಿಸಿ ಕಟ್ಟುವರು. ಇಲ್ಲೆ ಅಂದರೆ ಕೂಸಿಗೆ ಅಪ್ಪ ಯಾರು?"

"ಹೆಣ ಸಿಗದೇ ಹೋದ್ರೆ?"

"ಅವನ ಬಟ್ಟೆ ಇಲ್ಲೆಯಾ?"

ನನಗೆ ಅದೂ ಸಾಲದೆ ಅವಳನ್ನು ನೋಡಲು ಬಂದ ಮುದುಕಿಯನ್ನು ಬೇರೆಯಾಗಿ ಕೇಳಿದೆ. ಮಾರನೇ ದಿನ ಸಂತೆಯಲ್ಲಿ ಇನ್ನೊಂದು ಹಟ್ಟಿಯವಳನ್ನು ಕೇಳಿದೆ. "ಕಟ್ಟೋದು ಯಾರು?" ಎಂದರೆ ಮೂವರೂ ಸತ್ತವನ ಕಡೆಯ ಗಂಡಸು, ಹತ್ತಿರದವನು ಎಂದರು. ಅವನಿಗೆ ಅವಳು ಹೆಂಡತಿಯಾದಳೇ ಎಂದದ್ದಕ್ಕೆ ಸಂತೆಯವಳು ಬುಟ್ಟಿ ಕೆಳಗಿಟ್ಟು, "ಟಪಾಲಿನವ ಕಾಗದ ತಂದುಕೊಟ್ಟರೆ ಕಾಗದ ಅವನದಾ?" ಎಂದು ನನ್ನನ್ನೇ ಹಂಗಿಸಿದಳು.

ಡಾಕ್ಟರಮ್ಮ ಮೂವರ ಮಾತನ್ನೂ ನನ್ನಿಂದ ಕೇಳಿ ಬರೆದುಕೊಂಡರು. ಕೊನೆಗೆ ನಾನು ನನ್ನ ಹೆಸರನ್ನು ಕೈಯಾರೆ ಬರೆದೆ. ಇನ್ಸ್‌ಪೆಕ್ಟರು ಓದಿ, "ಅವನು ಅವತ್ತೇ ಹೇಳಿದ, ಅಣ್ಣನ ಕೈ ಬಂದಿಲ್ಲ ಅಂತ. ನಾನು ಕೊಬ್ಬು ಅಂದೆ" ಎಂದರು. ಪೆನ್ಷನ್ ಮಂಜೂರಾಯಿತು. ಮೂಗರ್ಜಿ ಬರೆದವರು ಯಾರೆಂದು ಕೊನೆಗೂ ತಿಳಿಯಲಿಲ್ಲ.

ಮೂರು ವರ್ಷದ ಮೇಲೆ ಮಾದಿ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು. ಬೆನ್ನ ಹಿಂದೆ ಕೂಸು ಅಡಗಿತ್ತು.

"ಅಕ್ಕ, ಕಚೇರಿಗೆ ಎನ್ನ ಜೊತೆ ಬಾ. ಪೆನ್ಷನ್ ಪಟ್ಟಿಯಿಂದ ಎನ್ನ ಹೆಸರು ಹೊಡೆಸಬೇಕು. ಬರುವ ತಿಂಗಳು ನಾನು ನಂಜನ ಹೆಂಡತಿ ಆಗುವೆ."

ನೋಡಿ, ಆಗಲೂ ನನ್ನ ಹಳೆಯ ಅನುಮಾನ ದಡಕ್ಕನೆ ಎದ್ದು ಕೂತಿತು. ಹಾಗಾದರೆ ಮೂಗರ್ಜಿ ನಿಜವೇ? ಅವಳಿಗೆ ಅದು ಗೊತ್ತಾಯಿತೋ ಏನೋ. "ಆಗ ಇರಲಿಲ್ಲೆ ಅಕ್ಕ. ಈಗ ಉಂಟು" ಎಂದಳು.

"ನೀನಾಗಿ ಹೇಳದೇ ಇದ್ರೆ ಹಟ್ಟಿಯವರು ಯಾರಾದ್ರೂ ಹೇಳ್ತಿದ್ರಾ?"

"ಯಾರೂ ಹೇಳರು. ಅದಕ್ಕೇ ನಾನೇ ಬಂದೆ."

ಅವಳ ಪೆನ್ಷನ್ ನಿಂತಿತು. ಕೂಸಿನ ಪಾಲು ನಿಲ್ಲಲಿಲ್ಲ, ಯಾಕೆಂದರೆ ಅದು ಬೆಳ್ಳನ ಕೂಸೆಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಅನುಮಾನ ಪಡಬೇಡಿ ಎಂದು ನಾನು ಯಾರಿಗೂ ಬುದ್ಧಿ ಹೇಳಲಾರೆ. ಅನುಮಾನವಿಲ್ಲದ ಆಯಾ ಹೆರಿಗೆ ಕೋಣೆಯ ಕೆಲಸಕ್ಕೆ ಬಾರಳು, ಅನುಮಾನಪಟ್ಟಿದ್ದಕ್ಕೇ ನಾನು ಮೂವರನ್ನು ಕೇಳಿದ್ದು. ಆದರೆ ಕೆತ್ತಿಯಿಂದ ಬಂದ ಮೇಲೆ ನನ್ನ ಕೇಳುವ ಕ್ರಮ ಬದಲಾಯಿತು. "ನೀನು ಹೀಗೆ ಮಾಡಿದೆಯಾ?" ಎಂದು ಕೇಳುವ ಮುಂಚೆ "ನಿಮ್ಮಲ್ಲಿ ಇದನ್ನು ಹೇಗೆ ಮಾಡುತ್ತಾರೆ?" ಎಂದು ಕೇಳುತ್ತೇನೆ. ಮೊದಲನೆಯದಕ್ಕೆ ಹೌದು ಅಂದವರಲ್ಲಿ ಎಷ್ಟು ಜನ ತಪ್ಪಿಲ್ಲದೆ ಸಿಕ್ಕಿಬಿದ್ದಿದ್ದಾರೋ, ದೇವರೇ ಬಲ್ಲ.