ಹಾಳೆಯ ಹೊರಗಿನ ಹೆಸರು

ಟ್ರಂಕಿನ ಮುಚ್ಚಳ ತೆಗೆದಾಗ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ನನ್ನ ಮದುವೆಯ ಸೀರೆಯ ಮಡಿಕೆಯೊಳಗೆ ಒಂದು ಸಿ.ಡಿ. ಇತ್ತು. ಅದರ ಮೇಲೆ ನೀಲಿ ಮಾರ್ಕರಿನಲ್ಲಿ, ಓರೆ ಅಕ್ಷರದಲ್ಲಿ ನನ್ನ ಹೆಸರು. ಆಳಂದದ ಕಾರ್ಡಿನ ಕಾಕಾ ನೆನಪಾದರು. ಅವರಿಗಿಂತ ಮೊದಲು ಅವರ ಮೇಲಿನ ಸಿಟ್ಟು ನೆನಪಾಯಿತು ಎಂದರೆ ಸರಿ.

ಕಾಕಾನದು ಬಸ್‌ಸ್ಟ್ಯಾಂಡ್ ಹತ್ತಿರ ಲಗ್ನಪತ್ರಿಕೆ ಮಾಡುವ ಅಂಗಡಿ. ಖಜೂರಿ, ಹಿರೋಳ್ಳಿ ಕಡೆಯವರೂ ಅಲ್ಲಿಗೇ ಬರುತ್ತಿದ್ದರು. ಊರಿಗೆ ಕಂಪ್ಯೂಟರ್ ಹೊಸತು. ಕಾಕಾ ಅದಕ್ಕೆ ಹೂವಿನ ಬಟ್ಟೆಯ ಗೌಸು ಹೊಲಿಸಿದ್ದರು. ಉಳಿದದ್ದನ್ನೆಲ್ಲ ಟೈಪ್ ಮಾಡಿ, ಮದುಮಕ್ಕಳ ಹೆಸರು ಮಾತ್ರ ಮೌಸ್ ಹಿಡಿದು ಗೆರೆಗೆರೆಯಾಗಿ ಬಿಡಿಸುತ್ತಿದ್ದರು. ಒಂದು ಹೆಸರಿಗೆ ಒಂದು ತಾಸಾದರೂ ಬೇಕು.

“ಮನಿ ಕಟ್ಟಿ ನೋಡು, ಮದುವಿ ಮಾಡಿ ನೋಡು ಅಂತಾರ. ಕಾರ್ಡ್ ಮಾಡ್ಸಿ ನೋಡು ಅಂತ ಯಾರೂ ಹೇಳಂಗಿಲ್ಲ ನೋಡವ್ವ,” ಎನ್ನುತ್ತಿದ್ದರು. ಸುಳ್ಳಲ್ಲ. ನಮ್ಮ ಕಡೆ ಕಾರ್ಡಿನಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎನ್ನುವುದರ ಮೇಲೆಯೇ ಅರ್ಧ ಬೀಗತನ ಕೆಡುತ್ತದೆ.

ನನ್ನ ಕಾರ್ಡಿನ ಕರಡು ನೋಡಲು ಅವ್ವ, ನಾನು, ದೊಡ್ಡಪ್ಪ ಹೋಗಿದ್ದೆವು. ಅಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ಹೊಲಿಗೆ ಮಾಡಿ ನನ್ನನ್ನು ಓದಿಸಿದವಳು ಅವ್ವ. ಹಾಗಾಗಿ ಕರೆಯುವವರ ಮೊದಲ ಸಾಲಿನಲ್ಲಿ ಅವಳ ಹೆಸರು ಬರೆಸಿದ್ದೆ. ದೊಡ್ಡಪ್ಪ ಅದರ ಮೇಲೆ ಬೆರಳಿಟ್ಟರು.

“ಇದ್ ತೆಗಿ. ಗಂಡ ಇಲ್ದಾಕಿ ಹೆಸರು ಶುಭಕಾರ್ಯದಾಗ ಮೊದಲ ಬರಬಾರ್ದು.”

ಕಾರ್ಡಿನ ತಲೆಯ ಮೇಲೆ ಬಸವಣ್ಣನ ಚಿತ್ರ, ಅದರ ಕೆಳಗೇ ಈ ಮಾತು. ನಾನು ಕಾಕಾನ ಮುಖ ನೋಡಿದೆ. “ತೆಗೀಬ್ಯಾಡ್ರಿ ಕಾಕಾ,” ಎಂದೆ. ಅವರು ತಲೆ ಎತ್ತಲಿಲ್ಲ. ಪರದೆಯಿಂದ ಹೆಸರು ಹೋಯಿತು. ಅವ್ವ ಸೆರಗು ಸರಿಮಾಡಿಕೊಂಡು ಹೊರಗೆ ಬಸ್ಸು ನೋಡುತ್ತ ಕೂತಳು.

ಅಚ್ಚಾಗಿ ಬಂದ ಕಾರ್ಡಿನಲ್ಲಿ ದೊಡ್ಡಪ್ಪನ ಹೆಸರಿನ ಮೇಲೆ ಒಂದು ಸಾಲಿನಷ್ಟು ಜಾಗ ಸುಮ್ಮನೆ ಖಾಲಿ ಬಿದ್ದಿತ್ತು. ದೊಡ್ಡಪ್ಪ ರೇಗಿದರು. “ಡಿಜೈನ್ ಹಂಗೇ ಅದ ಸಾವ್ಕಾರ್ರ,” ಎಂದರು ಕಾಕಾ. ನನ್ನ ಕೈಗೆ ಈ ಸಿ.ಡಿ. ಕೊಟ್ಟು, “ತೊಟ್ಟಿಲ ಕಾರ್ಡ್ ಮಾಡ್ಸಾಕ ಇದನ್ನೇ ತಗೊಂಡ್ ಬಾರವ್ವ. ಇದ್ರಾಗ ಎಲ್ಲಾ ಅದ,” ಎಂದರು. ಮನೆಗೆ ಬಂದು ಅದನ್ನು ಟ್ರಂಕಿನೊಳಗೆ ತುರುಕಿದೆ. ಮಗಳ ತೊಟ್ಟಿಲ ಕಾರ್ಡನ್ನು ಹಟಕ್ಕೆ ಬಿದ್ದು ಬೇರೆ ಅಂಗಡಿಯಲ್ಲಿ ಮಾಡಿಸಿದೆ. ಆಮೇಲೆ ಆಳಂದಕ್ಕೆ ಹೋದಾಗಲೂ ಆ ಓಣಿ ಬಿಟ್ಟು ಸುತ್ತಿ ಹೋಗುತ್ತಿದ್ದೆ...

ಈಗ ಆ ಮಗಳ ಮದುವೆ ಗೊತ್ತಾಗಿದೆ. ಅವಳಿಗೆ ನನ್ನ ಕಾರ್ಡಿನ ಬಳ್ಳಿಯ ಅಂಚೇ ಬೇಕಂತೆ. ಸಿ.ಡಿ. ಹಾಕಲು ಮನೆಯ ಲ್ಯಾಪ್‌ಟಾಪಿನಲ್ಲಿ ಜಾಗವೇ ಇಲ್ಲ. ನಾನು ಪಾಠ ಹೇಳುವ ಶಾಲೆಯ ಹಳೆ ಕಂಪ್ಯೂಟರಿಗೆ ಹಾಕಿದರೆ, ಈ ಫೈಲನ್ನು ಯಾವುದರಲ್ಲಿ ತೆರೆಯಲಿ ಎಂದು ಅದು ನನ್ನನ್ನೇ ಕೇಳಿತು. ಕೊನೆಗೆ ನಾವೀಗ ಇರುವ ಜೇವರ್ಗಿಯ ಫ್ಲೆಕ್ಸ್ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗಿ ಹಳೆಯ ತಂತ್ರಾಂಶ ಹುಡುಕಿ ತೆರೆದಳು. ಬಳ್ಳಿ ಬಂತು. ಟೈಪ್ ಮಾಡಿದ ಅಕ್ಷರವೆಲ್ಲ ಕಲಸುಮೇಲೋಗರ. ಆಗಿನ ಕನ್ನಡ ಫಾಂಟ್ ಈಗಿಲ್ಲವಂತೆ. ಬಿಡಿಸಿದ ನಮ್ಮಿಬ್ಬರ ಹೆಸರು ಮಾತ್ರ ಇದ್ದ ಹಾಗೇ ಇದ್ದವು.

“ಮೇಡಂ, ಹಾಳಿ ಹೊರಗ ಇನ್ನೊಂದು ಹೆಸರು ಅದರಿ. ಇಲ್ಲಿ ಇಟ್ಟದ್ದು ಪ್ರಿಂಟ್ ಆಗಂಗಿಲ್ಲ,” ಎಂದಳು ಹುಡುಗಿ.

ಶ್ರೀಮತಿ ನೀಲಮ್ಮ. ನಮ್ಮ ಅವ್ವ. ನಾನು ಟೈಪ್ ಮಾಡಿಸಿದ ಹೆಸರಲ್ಲ ಅದು. ಮದುಮಕ್ಕಳ ಹೆಸರಿನ ಹಾಗೆಯೇ ಬಿಡಿಸಿದ್ದು. ನಾವು ಎದ್ದು ಬಂದ ಮೇಲೆ ಒಬ್ಬರೇ ಕೂತು ಬಿಡಿಸಿರಬೇಕು. ಹುಡುಗಿ ಅದನ್ನು ಮೌಸಿನಿಂದ ಎಳೆದು ಆ ಖಾಲಿ ಜಾಗಕ್ಕೆ ತಂದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿತು.

ಅಂಗಡಿಯಿಂದಲೇ ಆಳಂದದ ಗೆಳತಿಗೆ ಫೋನ್ ಹಚ್ಚಿದೆ. ಕಾಕಾ ತೀರಿಹೋಗಿ ನಾಲ್ಕು ವರ್ಷವಾಯಿತಂತೆ. ಅಲ್ಲೀಗ ಮೊಬೈಲ್ ಅಂಗಡಿ. ನನಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಬ್ಬ ಮನುಷ್ಯನ ಮೇಲೆ ಹಗೆ ಸಾಧಿಸಿದ್ದೆ, ಉತ್ತರ ನನ್ನ ಟ್ರಂಕಿನಲ್ಲೇ ಇತ್ತು.

ಮಗಳ ಕಾರ್ಡಿನ ಮೊದಲ ಸಾಲಿಗೆ ಅದೇ ಹೆಸರನ್ನು ಹಾಕಿಸಿದೆ. ನಿನ್ನೆ ಕಾರ್ಡು ಬಂದವು. ಅವ್ವ ಈಗ ನಮ್ಮ ಜೊತೆಗೇ ಇದ್ದಾಳೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

“ಯಾರ್ ಬಿಡಿಸ್ಯಾರ ಇದು?”

ಹೇಳಿದೆ. ಅವ್ವ ಕಟ್ಟಿನಿಂದ ಒಂದು ಕಾರ್ಡು ಎತ್ತಿ, ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿ ನನ್ನ ಕೈಗೆ ಕೊಟ್ಟಳು.

“ಮೊದಲ್ನೇದ್ ಆತಗ ಕೊಟ್ಟ್ ಬಾ.”

ಆತ ಇಲ್ಲ ಎಂದು ಅವ್ವನಿಗೆ ಆಗ ಹೇಳಬೇಕಾಯಿತು.