ಮೈಕಿನಲ್ಲಿ ಓದಿದ ನನ್ನ ಸಿಆರ್‌ಪಿ

ವಿಜಯಪುರದಲ್ಲಿ ನಮ್ಮದು ನಾಲ್ಕು ತಲೆಮಾರಿನ ಮರ್ಯಾದಸ್ಥ ಮನೆತನ. ನಾನು ಕಾನ್ವೆಂಟಿನಲ್ಲಿ ಕಲಿತವಳು, ಆಸ್ಪತ್ರೆಯ ಮೇಟ್ರನ್. ತಿಕೋಟಾದ ಆರೋಗ್ಯ ಶಿಬಿರದಲ್ಲಿ ಹೆಂಗಸರು ಸೂಜಿಗೆ ಹೆದರಿದಾಗ, ಧೈರ್ಯ ತುಂಬಲು ಮೊದಲು ನಾನೇ ಪರೀಕ್ಷೆಗೆ ರಕ್ತ ಕೊಟ್ಟೆ.

ಅರ್ಧ ತಾಸಿನಲ್ಲಿ ಲ್ಯಾಬ್ ಟೆಕ್ನಿಶಿಯನ್ ಫಲಿತಾಂಶವನ್ನು ಮೈಕಿನಲ್ಲೇ ಓದಿದ: "ಮೇಡಂ ಅವರ ರಕ್ತದಾಗ ಸಿಆರ್‌ಪಿ ಜಾಸ್ತಿ ಐತ್ರಿ. ಮೈಯಾಗ ಎಲ್ಲೋ ಉರಿಯೂತ ಐತಿ. ಹಿಂಗ ಉಳದ್ರ ಮುಂದ ಹೃದಯಕ್ಕ ತ್ರಾಸ."

ಸಾಲಿನಲ್ಲಿದ್ದ ಬಿಜ್ಜರಗಿಯ ಮುದುಕಿ ನನ್ನ ಕೈ ಹಿಡಿದಳು. "ಸಿಟ್ಟು ಕಡಿಮಿ ಮಾಡ್ರಿ ಬಾಯಾರ, ರಕ್ತಕ್ಕೂ ಗೊತ್ತಾಗೇತಿ."

ನನ್ನ ಒಸಡು ಬಾತಿದೆ, ಅದಕ್ಕೇ ಸಿಆರ್‌ಪಿ ಏರಿದೆ; ಅದು ವಾಸಿಯಾದ ಮೇಲೆ ಮತ್ತೊಮ್ಮೆ ನೋಡದೆ ಹೃದಯದ ಮಾತು ಎತ್ತಬಾರದು ಎಂದು ಟೆಕ್ನಿಶಿಯನ್‌ನ ಕಿವಿಯಲ್ಲಿ ಹೇಳಿದೆ. ಅವನು ತಕ್ಷಣ ಮೈಕಿನಲ್ಲಿ ಸಾರಿದ: "ಹೆದರಬ್ಯಾಡ್ರಿ! ಮೇಡಂ ಅವರ ಒಸಡಷ್ಟ ಬಾತೈತಿ!"

ಇಡೀ ಪೆಂಡಾಲು ಚಪ್ಪಾಳೆ ತಟ್ಟಿತು.

ಆತ ಲಿಖಿತವಾಗಿ ನನ್ನ ಕ್ಷಮೆ ಕೇಳಬೇಕು.