ಅಮ್ಮ ಬಂದಿದೆಯೆಂದು ದೂರವಿಟ್ಟ ತಂಗಿ

ನನ್ನ ತಂಗಿ ಹೆಜ್ಜೆ ಹಾಕಿದ್ದು ಮೂರು ವರ್ಷ ತುಂಬಿದ ಮೇಲೆ. ಎರಡೇ ತಿಂಗಳು ನಡೆದು ಮತ್ತೆ ಕೂತುಬಿಟ್ಟಳು. ನಿಲ್ಲಿಸಲು ಹೋದರೆ ಕಾಲು ಮಡಚಿಕೊಂಡು ಅಳುತ್ತಿದ್ದಳು; ನನ್ನ ಸೊಂಟವೇ ಬೇಕು ಅವಳಿಗೆ. ಅವಳಿಗಿದ್ದದ್ದು ಡೌನ್ ಸಿಂಡ್ರೋಮ್ ಎಂದು ಎಪ್ಪತ್ತರ ದಶಕದಲ್ಲಿ ನಮ್ಮೂರು ಪೂರಿಗಾಲಿಯಲ್ಲಿ ಯಾರಿಗೆ ಗೊತ್ತಿತ್ತು? ಊರಿಗೆ ಅವಳು ಬರೀ ಪೆದ್ದು ಮಗು.

“ಇಂತಾ ಮಕ್ಳು ಅಂಗೇಯಾ ಕಣಮ್ಮಿ, ಕಲ್ತದ್ದೂ ಮರ್ತೋಯ್ತವೆ” ಎಂದಳು ಅಜ್ಜಿ. ಎಲ್ಲರೂ ತಲೆಯಾಡಿಸಿದೆವು, ಹನ್ನೊಂದು ವರ್ಷದ ನಾನೂ.

ಆಮೇಲೆ ಅವಳ ಕಾಲ ಮೇಲೆ ಕೆಂಪು ಚುಕ್ಕೆಗಳೆದ್ದವು, ರಾಗಿ ಕಾಳು ಚೆಲ್ಲಿದಂತೆ. ಅಜ್ಜಿ ಕಂಡದ್ದೇ ಕೈಮುಗಿದಳು. ಸಿಡುಬು, ದಡಾರ ಎಲ್ಲವೂ ನಮಗೆ ‘ಅಮ್ಮ’. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಡಾಕ್ಟರ ಮಾತೆತ್ತುವಂತಿಲ್ಲ. ತಂಗಿಯನ್ನು ಕೋಣೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಅಜ್ಜಿಯ ಹೊರತು ಯಾರೂ ಮುಟ್ಟಬಾರದು. ಬಸುರಿಯಾಗಿದ್ದ ಅವ್ವ ಆ ಕಡೆ ಸುಳಿಯುವಂತೆಯೂ ಇರಲಿಲ್ಲ.

“ಓದ್ವರ್ಸ ನಂಗೆ ಬಂದಿದ್ದು ಇಂಗಿರ್ಲಿಲ್ಲ ಕಣಜ್ಜಿ, ಇವ್ಳಿಗೆ ಜರಾನೇ ಇಲ್ಲ” ಎಂದೆ.

“ಬಾಯ್ಮುಚ್ಚು! ಅಮ್ಮ ಮುನಿಸ್ಕೊಂಡ್ರೆ ಕಣ್ಣೋಯ್ತವೆ.”

ಬಾಯಿ ಮುಚ್ಚಿದೆ. ಅಜ್ಜಿಯ ಮೇಲೆ ಇವತ್ತಿಗೂ ಸಿಟ್ಟಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು. ತಂಗಿ ಅಂಡು ಎಳೆದುಕೊಂಡು, ಎತ್ತಿಕೋ ಎಂದು ಹೊಸ್ತಿಲವರೆಗೂ ಬರುತ್ತಿದ್ದಳು. ನಾನು ಅವಳ ಮುಖಕ್ಕೇ ಬಾಗಿಲು ಹಾಕುತ್ತಿದ್ದೆ. ದಿನಾ ಹಾಕಿದೆ.

ಅಮ್ಮನನ್ನು ಕಳಿಸಲು ಮೂರು ಸಲ ತಲೆಗೆ ನೀರು ಹಾಕುವುದು ವಾಡಿಕೆ. ಮೂರನೆಯ ನೀರಿನ ದಿನ ಅವಳ ಮೂಗಿನಿಂದ ಸುರಿದ ರಕ್ತ ನಿಲ್ಲಲೇ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅಪ್ಪ ಅವಳನ್ನು ಹೊತ್ತು ಮಳವಳ್ಳಿಗೆ, ಅಲ್ಲಿಂದ ಮಂಡ್ಯಕ್ಕೆ ಬಸ್ಸು ಹತ್ತಿದ. ಜೊತೆಗೆ ನಾನೂ ಹೋದೆ.

ರಕ್ತ ಪರೀಕ್ಷೆಯಾದ ಮೇಲೆ ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ಹೇಳಿದರು. ರಕ್ತದ ಕ್ಯಾನ್ಸರು. ಇಂಥ ಮಕ್ಕಳಿಗೆ ಬರುವುದು ಹೆಚ್ಚಂತೆ. ನಡೆಯುತ್ತಿದ್ದವಳು ಕೂತದ್ದು ಮೂಳೆಯ ನೋವಿಗೆ. ಆ ಚುಕ್ಕೆಗಳು ಚರ್ಮದೊಳಗೆ ಒಸರಿದ ರಕ್ತ.

“ಮೊದ್ಲೇ ತಂದಿದ್ರೆ ಉಳೀತಿತ್ತಾ ಸ್ವಾಮಿ?”

“ಈಗಿರೋ ಔಷಧಿಗಳಲ್ಲಿ ಆಗಲೂ ಕಷ್ಟವೇ ಇತ್ತಪ್ಪ.”

ಅಪ್ಪ ಗೋಡೆಗೆ ಒರಗಿದ. ನಾನು ಕೇಳಿದ್ದು ಬೇರೆ: “ಇವ್ಳನ್ನ ಎತ್ಕೊಂಡ್ರೆ ನಂಗೂ ಬತ್ತದಾ?”

“ಇದು ಅಂಟೋ ಕಾಯಿಲೆ ಅಲ್ಲಮ್ಮ. ಎತ್ಕೋ, ಏನೂ ಆಗಲ್ಲ.”

ಎತ್ತಿಕೊಳ್ಳಲು ಹೋದೆ. ತಂಗಿ ಮುಖ ತಿರುಗಿಸಿ ಅಪ್ಪನ ಅಂಗಿ ಹಿಡಿದುಕೊಂಡಳು. ಎಂಟು ದಿನ ಬದುಕಿದ್ದಳು. ಒಂದು ಸಲವೂ ನನ್ನ ಹತ್ತಿರ ಬರಲಿಲ್ಲ.